ಬೀದಿಯಲ್ಲಿ ನಿಂತು ತಿನ್ನುವ ಫ್ರಾನ್ಸ್

ಫ್ರೆಂಚ್ ಊಟವೆಂದರೆ ದುಬಾರಿ ಊಟ ಎಂದು ನಾವು ಯಾವತ್ತೋ ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗೆ ಒಪ್ಪಿಕೊಳ್ಳಲು ಕಾರಣವೂ ಇದೆ. ಬೆಂಗಳೂರಿನ ಬಹುಪಾಲು ಜನ ಆ ಅಡುಗೆಯನ್ನು ಕಂಡದ್ದು, ಕಂಡಿದ್ದರೆ, ದೊಡ್ಡ ಹೋಟೆಲುಗಳಲ್ಲಿ: ಬಿಳಿ ಮೇಜುವಸ್ತ್ರ, ನಾಲ್ಕು ಬಗೆಯ ಲೋಟ, ಉಚ್ಚರಿಸಲು ಹೆದರಿಕೆಯಾಗುವ ಹೆಸರುಗಳ ಪಟ್ಟಿ, ಕೊನೆಗೆ ಎದೆ ಝಲ್ಲೆನಿಸುವ ಬಿಲ್ಲು. ಪ್ಯಾರಿಸ್ಸಿಗೆ ಹೊರಡುವವರ ಸೂಟ್‌ಕೇಸಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ತಯಾರಾಗುವ ಉಪ್ಪಿಟ್ಟಿನ ಪೊಟ್ಟಣ ಸೇರುವುದು ಸಸ್ಯಾಹಾರದ ಕಾರಣಕ್ಕೆ ಮಾತ್ರವಲ್ಲ. ಅಲ್ಲಿ ಊಟಕ್ಕೆ ಕೂತರೆ ಪ್ರವಾಸದ ಲೆಕ್ಕಾಚಾರವೇ ತಲೆಕೆಳಗಾದೀತು ಎಂಬ ಭಯಕ್ಕೂ ಹೌದು. ಭಯ ಸುಳ್ಳಲ್ಲ. ಪ್ಯಾರಿಸ್ಸಿನ ಮೂರು ನಕ್ಷತ್ರದ ರೆಸ್ಟೋರೆಂಟಿನಲ್ಲಿ ಒಬ್ಬರ ರಾತ್ರಿಯೂಟ 300 ಯೂರೋ ದಾಟುವುದು ಸಾಮಾನ್ಯ.

ಆ 300 ಯೂರೋ ಯಾವುದರ ಬೆಲೆ ಎಂದು ಮಾತ್ರ ನಾವು ಕೇಳಿಕೊಂಡಿಲ್ಲ. ಅದರಲ್ಲಿ ಅಡುಗೆಯ ಪಾಲು ಎಷ್ಟು, ಕುರ್ಚಿಯ ಪಾಲು ಎಷ್ಟು? ಫ್ರಾನ್ಸಿನ ಎಷ್ಟೋ ಕೆಫೆಗಳು ಈ ಲೆಕ್ಕವನ್ನು ಬಾಗಿಲಲ್ಲೇ ಬರೆದು ತೂಗುಹಾಕುತ್ತವೆ. ಅದೇ ಕಾಫಿಗೆ ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಒಳಗೆ ಕೂತರೆ ಹೆಚ್ಚು, ಬೀದಿ ಕಾಣುವಂತೆ ಹೊರಗೆ ಕೂತರೆ ಇನ್ನೂ ಹೆಚ್ಚು. ಸರ್ಕಾರವೂ ಈ ಭೇದವನ್ನು ಬಹಳ ಕಾಲ ಪಾಲಿಸಿತು. 2009ರ ಜುಲೈವರೆಗೆ ರೆಸ್ಟೋರೆಂಟಿನಲ್ಲಿ ಕೂತು ಉಂಡರೆ ಶೇ 19.6 ತೆರಿಗೆ, ಕಟ್ಟಿಸಿಕೊಂಡು ಹೋದರೆ ಶೇ 5.5. ಈಗ ಕೂತರೂ ನಿಂತರೂ ತೆರಿಗೆ ಶೇ 10. ಆದರೂ ಬಾಡಿಗೆ, ಬಡಿಸುವವರ ಸಂಬಳ, ಇಸ್ತ್ರಿ ಮಾಡಿದ ಬಟ್ಟೆ, ವೈನ್ ಆರಿಸಿಕೊಡುವ ತಜ್ಞ, ಎರಡು ಮೇಜುಗಳ ನಡುವೆ ಬಿಟ್ಟ ಜಾಗ, ಇವೆಲ್ಲ ತಟ್ಟೆಯ ಬೆಲೆಗೇ ಸೇರುತ್ತವೆ. ಇವನ್ನೆಲ್ಲ ಕಳೆದರೆ ಉಳಿಯುವ ಫ್ರೆಂಚ್ ಅಡುಗೆ ಅಗ್ಗದ್ದು. ಅಗ್ಗ ಮಾತ್ರವಲ್ಲ, ಅದರ ಬೇರುಗಳಿಗೆ ಇನ್ನಷ್ಟು ಹತ್ತಿರದ್ದು. ಬೀದಿಬದಿಯ ಗಾಡಿಯಲ್ಲಿ ಸಿಗುವುದು ಫ್ರೆಂಚ್ ಊಟದ ಬಡ ನಕಲು ಎಂದು ತಿಳಿಯುವುದು ತಪ್ಪು ಎಂದೇ ನಾನು ವಾದಿಸುತ್ತೇನೆ.

ವಾದಕ್ಕೆ ಮೊದಲ ಸಾಕ್ಷಿ ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರ. ಪಕ್ಕದ ಸೋಫಿಯಾ ಆಂಟಿಪೊಲಿಸ್ ತಂತ್ರಜ್ಞಾನ ಪಾರ್ಕಿಗೆ ಬೆಂಗಳೂರಿನಿಂದ ಕೆಲಸದ ಮೇಲೆ ಹೋಗಿಬರುವ ಎಂಜಿನಿಯರುಗಳಿಗೆ ಈ ಊರು ಅಪರಿಚಿತವೇನಲ್ಲ. ಹಳೇ ಪೇಟೆಯ ಅಂಚಿಗೆ ಕೂರ್ ಸಲೇಯಾ ಎಂಬ ಉದ್ದನೆಯ ಬಯಲಿದೆ. ಅಲ್ಲಿ ಬೆಳಿಗ್ಗೆ ಹೂವು, ತರಕಾರಿಯ ಸಂತೆ ಸೇರುತ್ತದೆ. ಆ ಸಂತೆಯಲ್ಲಿ, ಸುತ್ತಲಿನ ಗಲ್ಲಿಗಳಲ್ಲಿ ಸಿಗುವ ತಿಂಡಿಯ ಹೆಸರು ಸೋಕ್ಕಾ. ಬೇಕಾದದ್ದು ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೆ. ಹಿಟ್ಟನ್ನು ಕಡಲೆಹಿಟ್ಟಿನ ದೋಸೆಗಿಂತಲೂ ತೆಳ್ಳಗೆ ಕಲಸಿ ಕೆಲವು ಗಂಟೆ ನೆನೆಯಲು ಬಿಡುತ್ತಾರೆ.

ಬೇಯಿಸುವ ತಟ್ಟೆಗೆ ಕಲಾಯಿ ಹಾಕಿದ ತಾಮ್ರವೇ ಆಗಬೇಕು. ಅರ್ಧ ಮೀಟರಿಗಿಂತ ಅಗಲವಿರುವ ಆ ತಟ್ಟೆಗೆ ಧಾರಾಳವಾಗಿ ಎಣ್ಣೆ ಸವರಿ, ಹಿಟ್ಟು ಸುರಿದು, ಸೌದೆ ಉರಿಯುವ ಓವನ್ನಿನ ಬಾಯಿಗೆ ತಳ್ಳುತ್ತಾರೆ. ಬೆಂಕಿ ಒಂದು ಪಕ್ಕಕ್ಕಿರುವುದರಿಂದ ತಟ್ಟೆಯನ್ನು ನಡುನಡುವೆ ತಿರುಗಿಸುತ್ತಲೇ ಇರಬೇಕು. ಮೇಲ್ಮೈ ಗುಳ್ಳೆಯೆದ್ದು ಅಲ್ಲಲ್ಲಿ ಕಪ್ಪಾಗುತ್ತದೆ, ಅಂಚು ಗರಿಗರಿಯಾಗುತ್ತದೆ, ಒಳಗು ಕೆನೆಯಷ್ಟು ಮೆತ್ತಗೇ ಉಳಿಯುತ್ತದೆ. ಹೊರಗೆಳೆದ ಕೂಡಲೇ ಅಡ್ಡಾದಿಡ್ಡಿ ತುಂಡು ಮಾಡಿ ಕಾಗದಕ್ಕೆ ಹಾಕಿ ಕೊಡುತ್ತಾರೆ. ಮೇಲೆ ಕರಿಮೆಣಸಿನ ಪುಡಿ. ಚಮಚವಿಲ್ಲ, ಚಾಕುವಿಲ್ಲ, ಬೆರಳು ಸುಟ್ಟುಕೊಳ್ಳುತ್ತಲೇ ತಿನ್ನಬೇಕು. 3–4 ಯೂರೋ ಕೊಟ್ಟರೆ ಒಬ್ಬರ ಪಾಲು ಕೈಗೆ ಬರುತ್ತದೆ.

ಸೋಕ್ಕಾ ಆರಿದರೆ ಮುಗಿಯಿತು, ಗೋಂದಿನ ಹಾಳೆಯಂತಾಗುತ್ತದೆ. ಆದ್ದರಿಂದ ಮಾಡಿಟ್ಟು ಮಾರುವಂತಿಲ್ಲ. ಒಂದು ತಟ್ಟೆ ಖಾಲಿಯಾಗಿ ಇನ್ನೊಂದು ಓವನ್ನಿನಿಂದ ಬರುವವರೆಗೆ ಎಲ್ಲರೂ ಕಾಯಬೇಕು. ಮುಂಗಡ ಬುಕಿಂಗ್ ನಡೆಯುವುದಿಲ್ಲ, ಪರಿಚಯ ನಡೆಯುವುದಿಲ್ಲ, ಹೆಚ್ಚು ಹಣ ಕೊಡುತ್ತೇನೆಂದರೂ ಬೇಗ ಬೇಯುವುದಿಲ್ಲ. ತಾಜಾತನಕ್ಕೆ ಇದಕ್ಕಿಂತ ಗಟ್ಟಿಯಾದ ಖಾತರಿಯನ್ನು ಯಾವ ದೊಡ್ಡ ರೆಸ್ಟೋರೆಂಟೂ ಕೊಡಲಾರದು. ಬಂದರಿನ ಕೂಲಿಗಳು, ಮೀನುಗಾರರು ಬೆಳಗಿನ ಹೊಟ್ಟೆಗೆ ತಿನ್ನುತ್ತಿದ್ದ ಈ ತಿಂಡಿಯಲ್ಲಿ ಮಾಂಸವಿಲ್ಲ, ಬೆಣ್ಣೆಯಿಲ್ಲ, ಕೆನೆಯಿಲ್ಲ, ವೈನಿಲ್ಲ. ಫ್ರೆಂಚ್ ಅಡುಗೆಯೆಂದರೆ ಇವೇ ಎಂದು ನಂಬಿದವರು ಇದನ್ನು ಯಾವ ಕಪಾಟಿನಲ್ಲಿಡಬೇಕೆಂದು ತೋಚದೆ ಬಿಟ್ಟುಬಿಡುತ್ತಾರೆ.

ಇನ್ನೂ ವಿಶೇಷವೆಂದರೆ, ಜಗತ್ತಿನ ದೊಡ್ಡ ಹೋಟೆಲುಗಳ ಫ್ರೆಂಚ್ ಅಡುಗೆಗೆ ಶಾಸ್ತ್ರ ಬರೆದ ಮನುಷ್ಯ ಬೆಳೆದದ್ದೂ ಇದೇ ನೆರೆಯಲ್ಲಿ. ಓಗ್ಯುಸ್ತ್ ಎಸ್ಕೋಫಿಯೆ 1846ರಲ್ಲಿ ನೀಸ್ ಬಳಿಯ ವಿಲ್ನವ್-ಲೂಬೆ ಎಂಬ ಹಳ್ಳಿಯಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ. 13ನೇ ವಯಸ್ಸಿಗೆ ನೀಸ್‌ನಲ್ಲಿ ಚಿಕ್ಕಪ್ಪನ ರೆಸ್ಟೋರೆಂಟಿಗೆ ಕೆಲಸ ಕಲಿಯಲು ಸೇರಿಕೊಂಡ. ಮುಂದೆ ಲಂಡನ್ನಿನ ಸವಾಯ್ ಹೋಟೆಲು, ಪ್ಯಾರಿಸ್ಸಿನ ರಿಟ್ಜ್. 1903ರಲ್ಲಿ ಅವನ ಅಡುಗೆ ಕೈಪಿಡಿ ಹೊರಬಂತು. ಅಡುಗೆಮನೆಯನ್ನು ವಿಭಾಗ ವಿಭಾಗವಾಗಿ ಹಂಚಿ, ಸಾಸಿಗೊಬ್ಬ, ಹುರಿಯುವುದಕ್ಕೊಬ್ಬ, ಸಿಹಿಗೊಬ್ಬ ಎಂದು ಸೈನ್ಯದ ಶಿಸ್ತು ತಂದವನು ಅವನೇ. ಆ ಸಾಧನೆ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವ ಇರಾದೆ ನನಗಿಲ್ಲ. ಆದರೆ ಲಂಡನ್, ನ್ಯೂಯಾರ್ಕ್, ಮುಂಬಯಿಗಳ ಹೋಟೆಲುಗಳಿಗೆ ಹೊರಟ ಹಡಗಿಗೆ ಹತ್ತಿದ್ದು ಅವನ ಪಟ್ಟಿಯ ಅಡುಗೆ. ಸೋಕ್ಕಾ ಹತ್ತಲಿಲ್ಲ, ಹತ್ತುವಂಥದ್ದೂ ಆಗಿರಲಿಲ್ಲ. ಹೊರಗಿನವರಾದ ನಾವು ಹಡಗಿನಲ್ಲಿ ಬಂದದ್ದನ್ನೇ ಇಡೀ ದೇಶದ ಊಟವೆಂದು ತಿಳಿದೆವು.

ಹಾಗಾದರೆ ಗಾಡಿಯಲ್ಲಿ ಮಾರುವುದು ಒರಟು ತಿಂಡಿ, ಸೂಕ್ಷ್ಮ ಕೌಶಲವೆಲ್ಲ ರೆಸ್ಟೋರೆಂಟಿನದು ಎನ್ನಬಹುದಲ್ಲ? ಈ ಆಕ್ಷೇಪಕ್ಕೆ ಉತ್ತರ ಫ್ರೆಂಚ್ ಅಡುಗೆಯ ಕ್ರಮದಲ್ಲೇ ಇದೆ. ನಾವು ಐಷಾರಾಮಿ ಎಂದುಕೊಂಡಿರುವ ಅದರ ಎಷ್ಟೋ ವಿಧಾನಗಳು ಹುಟ್ಟಿದ್ದು ಉಳಿತಾಯಕ್ಕಾಗಿ. ಈರುಳ್ಳಿ ಸೂಪಿನಲ್ಲಿರುವುದು ಹೊತ್ತುಗಟ್ಟಲೆ ಬಾಡಿಸಿದ ಈರುಳ್ಳಿ, ಒಣಗಿದ ಹಳೇ ಬ್ರೆಡ್ಡು, ಒಂದಿಷ್ಟು ಚೀಸು. ಪ್ಯಾರಿಸ್ಸಿನ ಹಳೇ ಸಗಟು ಮಾರುಕಟ್ಟೆಯಾದ ಲೇ ಆಲ್‌ನಲ್ಲಿ ರಾತ್ರಿಯಿಡೀ ಮೂಟೆ ಹೊತ್ತವರು ಬೆಳಗಿನ ಜಾವ ಕುಡಿಯುತ್ತಿದ್ದ ಸೂಪು ಅದು. ಬಾತುಕೋಳಿಯ ಕೋನ್‌ಫಿ ಇಂದು ಮೆನುವಿನಲ್ಲಿ ಗತ್ತಿನಿಂದ ಕೂತಿದೆ. ಅದರ ಹುಟ್ಟು ಫ್ರಿಜ್ಜಿಲ್ಲದ ಕಾಲದ ಗ್ಯಾಸ್ಕನಿಯ ರೈತರ ಮನೆಯಲ್ಲಿ. ಕಾಲಿನ ತುಂಡಿಗೆ ಉಪ್ಪು ಹಚ್ಚಿ ರಾತ್ರಿ ಬಿಟ್ಟು, ಮರುದಿನ ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಬೇಯಿಸಿ, ಜಾಡಿಗೆ ತುಂಬಿ, ಮೇಲೆ ಅದೇ ಕೊಬ್ಬು ಸುರಿದು ಮುಚ್ಚುತ್ತಿದ್ದರು. ಚಳಿಗಾಲವಿಡೀ ಕೆಡುತ್ತಿರಲಿಲ್ಲ. ತಿನ್ನುವ ಹೊತ್ತಿಗೆ ಜಾಡಿಯಿಂದ ತೆಗೆದು ಬಾಣಲೆಯಲ್ಲಿ ಚರ್ಮ ಗರಿಗರಿಯಾಗುವಷ್ಟು ಬಿಸಿ ಮಾಡಿದರೆ ಸಾಕು.

ಇದು ಬೀದಿ ಗಾಡಿಗೆ ಹೇಳಿ ಮಾಡಿಸಿದ ವಿಧಾನ. ನಿಧಾನದ ಕೆಲಸವೆಲ್ಲ ಮೊದಲೇ ಮುಗಿದಿರುತ್ತದೆ. ಗಿರಾಕಿ ಎದುರು ನಿಂತಾಗ ಬೇಕಾದದ್ದು ಕೆಲವೇ ನಿಮಿಷದ ಕೆಲಸ, ಒಂದು ಒಲೆ, ಒಬ್ಬ ಮನುಷ್ಯ. ತೆಳು ದೋಸೆಯಂಥ ಕ್ರೇಪಿನ ಹಿಟ್ಟು ಹೀಗೆಯೇ, ದನದ ಗಟ್ಟಿಮಾಂಸವನ್ನು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಬೂರ್ಗಿನ್ಯೋಂ ಹೀಗೆಯೇ. ಅಗ್ಗದ ಸಾಮಗ್ರಿಗೆ ಸಮಯ ಸುರಿದು ರುಚಿ ಹುಟ್ಟಿಸುವುದು ಈ ಅಡುಗೆಯ ನಿಜವಾದ ಜಾಣ್ಮೆ. ಸಮಯವನ್ನು ಹಿಂದಿನ ರಾತ್ರಿಯೇ ಕೊಟ್ಟಿದ್ದರೆ ಮರುದಿನ ತಿನ್ನುವವನಿಗೆ ಮೇಜು ಬೇಕಾಗಿಲ್ಲ.

ಸಿಂಗಪುರದವರು ಇದನ್ನು ಕೆಲಸದಲ್ಲೇ ತೋರಿಸಿಕೊಟ್ಟಿದ್ದಾರೆ. ಅಲ್ಲಿನ ಸರ್ಕಾರ 1968–69ರಲ್ಲಿ ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿಕೊಂಡಿತು. 1971ರಿಂದ 1986ರ ನಡುವೆ ಹಂತಹಂತವಾಗಿ ಅವರಿಗೆ ನಲ್ಲಿ ನೀರು, ಚರಂಡಿ, ಮೇಲ್ಛಾವಣಿ ಇರುವ ಸಾರ್ವಜನಿಕ ಹಾಕರ್ ಕೇಂದ್ರಗಳನ್ನು ಕಟ್ಟಿಕೊಟ್ಟಿತು. 2020ರಲ್ಲಿ ಯುನೆಸ್ಕೊ ಆ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಕೇಂದ್ರಗಳಲ್ಲೂ ವಸತಿ ಕಟ್ಟಡಗಳ ಕೆಳಗಿನ ಕಾಫಿ ಅಂಗಡಿಗಳಲ್ಲೂ ಕಳೆದ ಹದಿನೈದು ವರ್ಷಗಳಲ್ಲಿ ಫ್ರೆಂಚ್ ಅಡುಗೆಯ ಮಳಿಗೆಗಳು ಕಾಣಿಸಿಕೊಂಡಿವೆ. ನೂಡಲ್ಸ್ ಮಾರುವವರ ಪಕ್ಕದಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಕಿವುಚಿದ ಆಲೂಗಡ್ಡೆಯ ಜೊತೆ ಬಾತುಕೋಳಿ ಕೋನ್‌ಫಿ ತಿನ್ನಬಹುದು. ಮುಗಿದ ಮೇಲೆ ತಟ್ಟೆಯನ್ನು ತಿನ್ನುವವರೇ ಕೊಂಡೊಯ್ದಿಡಬೇಕು. ರೆಸ್ಟೋರೆಂಟಿನ ದರಕ್ಕೆ ಹೋಲಿಸಿದರೆ ಬೆಲೆ ಅರ್ಧಕ್ಕಿಂತ ಕೆಳಗೆ. ಪೇಟೆಯ ದೊಡ್ಡ ಅಡುಗೆಮನೆಗಳಲ್ಲಿ ಪಳಗಿದ ಬಾಣಸಿಗರೇ ಕೆಲವು ಮಳಿಗೆಗಳ ಒಲೆಯ ಹಿಂದಿದ್ದಾರೆ. ಕೈ ಅದೇ, ವಿಧಾನ ಅದೇ. ಬದಲಾದದ್ದು ಬಾಡಿಗೆ ಮತ್ತು ಬಡಿಸುವ ಕ್ರಮ. ಅಡುಗೆಯೇ ದುಬಾರಿಯಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಅಗ್ಗವಾದದ್ದೆಲ್ಲ ಒಳ್ಳೆಯದು ಎಂದು ಹೇಳಹೊರಟರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ಬಡವರು ಫ್ರೆಂಚ್ ಸಿರಿಯೂಟವನ್ನೇ ಉಣ್ಣುತ್ತಿದ್ದರು, ಆದರೆ ಎಂಜಲಾದ ಮೇಲೆ. ಮಂತ್ರಿಗಳ ಮನೆ, ರಾಯಭಾರ ಕಚೇರಿ, ದೊಡ್ಡ ರೆಸ್ಟೋರೆಂಟುಗಳಲ್ಲಿ ಉಳಿದ ಮೀನು, ಮಾಂಸ, ಸಿಹಿಗಳನ್ನು ಬುಟ್ಟಿಗಟ್ಟಲೆ ಕೊಂಡು, ಚೆನ್ನಾಗಿ ಕಾಣುವಂತೆ ತಟ್ಟೆಗಳಲ್ಲಿ ಜೋಡಿಸಿ ಲೇ ಆಲ್‌ನಲ್ಲಿ ಮಾರುವವರಿದ್ದರು. ಎಮಿಲ್ ಜೋಲಾ 1873ರ ತನ್ನ ಕಾದಂಬರಿಯಲ್ಲಿ ಈ ವ್ಯಾಪಾರವನ್ನು ಚಿತ್ರಿಸಿದ್ದಾನೆ. ಹಸಿದವರ ಮಾನವನ್ನು ಒತ್ತೆಯಿಟ್ಟುಕೊಂಡ ಅಗ್ಗ ಅದು. ಅದೇ ನಗರದಲ್ಲಿ, ಅದೇ ಶತಮಾನದ ನಡುಭಾಗದಲ್ಲಿ, ದ್ಯುವಾಲ್ ಎಂಬ ಕಟುಕ ಬೇರೆ ದಾರಿ ಹಿಡಿದ. ದುಡಿಯುವವರಿಗೆಂದು ಮಾಂಸದ ಸಾರು, ಬೇಯಿಸಿದ ಮಾಂಸ, ಬ್ರೆಡ್ಡನ್ನು ನಿಗದಿತ ಕಡಿಮೆ ದರದಲ್ಲಿ ಕೊಡುವ ‘ಬುಯ್ಯೋಂ’ಗಳನ್ನು ತೆರೆದ. 1896ರಲ್ಲಿ ಶುರುವಾದ ಶಾರ್ತಿಯೆ ಆ ಸಾಲಿನದು, ಇಂದಿಗೂ ನಡೆಯುತ್ತಿದೆ. ಎರಡೂ ಅಗ್ಗವೇ. ಒಂದರಲ್ಲಿ ತಿನ್ನುವವನಿಗಾಗಿ ಯಾರೂ ಅಡುಗೆ ಮಾಡಿರಲಿಲ್ಲ, ಇನ್ನೊಂದರಲ್ಲಿ ಮಾಡಿದ್ದರು.

ಇಂದಿನ ಬೀದಿಗಳಲ್ಲೂ ಈ ಎರಡು ಬಗೆ ಇವೆ. ಪ್ಯಾರಿಸ್ಸಿನ ಪ್ರವಾಸಿ ಜಾಗಗಳಲ್ಲಿ ಮೊದಲೇ ಮಾಡಿ ಅಡಕಿಟ್ಟ ಕ್ರೇಪುಗಳನ್ನು ಕಾವಲಿಯ ಮೇಲೆ ಬೆಚ್ಚಗೆ ಮಾಡಿ, ಡಬ್ಬಿಯ ಚಾಕೊಲೇಟು ಸವರಿ ಕೊಡುವವರಿದ್ದಾರೆ. ಅದು ಕೂತು ತಿನ್ನುವ ಒಳ್ಳೇ ಊಟಕ್ಕಿಂತ ದುಬಾರಿ, ಏಕೆಂದರೆ ಕೊಟ್ಟ ಹಣಕ್ಕೆ ಏನೂ ಸಿಗುವುದಿಲ್ಲ. ಹಿಟ್ಟಿನ ಪಾತ್ರೆ ಕಣ್ಣಿಗೆ ಕಾಣುವಂತಿದೆಯೇ, ಮರದ ಹರಡುಗೋಲಿನಿಂದ ನಿಮ್ಮೆದುರೇ ಹಿಟ್ಟು ಎಳೆಯುತ್ತಾರೆಯೇ ಎಂದಷ್ಟು ನೋಡಿದರೆ ಸಾಕು, ಮೋಸ ಹೋಗುವುದು ಕಡಿಮೆ. ಬ್ರಿಟನಿಯಿಂದ ಬರುವ ರೈಲುಗಳು ನಿಲ್ಲುವ ಮೋಂಪರ್ನಾಸ್ ನಿಲ್ದಾಣದ ಸುತ್ತ ಆ ಪ್ರಾಂತ್ಯದವರು ನೆಲೆಯೂರಿ ತೆರೆದ ಕ್ರೇಪ್ ಅಂಗಡಿಗಳ ಸಾಲೇ ಇದೆ; ಅಲ್ಲಿ ಕೆಲಸ ಎದುರೇ ನಡೆಯುತ್ತದೆ. ಬ್ರಿಟನಿಯ ರೆನ್ ನಗರದಲ್ಲಂತೂ ಶನಿವಾರದ ಲೀಸ್ ಸಂತೆಗೆ ಬಂದವರು ಹುರುಳಿಯಂತೆ ಬಡ ಮಣ್ಣಿನಲ್ಲೂ ಬರುವ ಬಕ್‌ವೀಟ್ ಕಾಳಿನ ಹಿಟ್ಟಿನ ಕ್ರೇಪಾದ ಗಾಲೆಟ್ಟಿನಲ್ಲಿ ಬಿಸಿ ಸಾಸೇಜು ಸುತ್ತಿಸಿಕೊಂಡು ತಿನ್ನುತ್ತ ತರಕಾರಿ ಆರಿಸುತ್ತಾರೆ. ಸಾಸಿವೆ ಸಾಸು ಹಾಕಬಾರದೆಂದು ಹಟ ಹಿಡಿಯುವವರೂ ಅಲ್ಲಿದ್ದಾರೆ. ಫುಟ್‌ಬಾಲ್ ಮೈದಾನದ ಹೊರಗೂ ಅದೇ ತಿಂಡಿ.

ಒಳ್ಳೆಯ ಅಗ್ಗ ತಾನಾಗಿ ಹುಟ್ಟುವುದಿಲ್ಲ, ಅದನ್ನು ಕಾಯಬೇಕಾಗುತ್ತದೆ. ಫ್ರೆಂಚರು ಕಾಯ್ದಿದ್ದಾರೆ, ಕಾನೂನು ಬರೆದು ಕಾಯ್ದಿದ್ದಾರೆ. ಬೀದಿಯ ಮುಖ್ಯ ಊಟವೇ ಬ್ರೆಡ್ಡು. ಬೆಣ್ಣೆ ಮತ್ತು ಹಂದಿಮಾಂಸದ ಹೋಳು ಇಟ್ಟ ಬಾಗೆಟ್ಟು ಎಂಬ ಉದ್ದನೆಯ ಬ್ರೆಡ್ಡು ಅಲ್ಲಿನ ಕಚೇರಿ ನೌಕರರ ಮಧ್ಯಾಹ್ನದ ಊಟ. 1993ರ ಆದೇಶದ ಪ್ರಕಾರ ‘ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್’ ಎಂದು ಮಾರುವುದಕ್ಕೆ ರಾಸಾಯನಿಕ ಸೇರಿಸುವಂತಿಲ್ಲ, ತಯಾರಿಯ ಯಾವ ಹಂತದಲ್ಲೂ ಹೆಪ್ಪುಗಟ್ಟಿಸುವಂತಿಲ್ಲ. 1998ರ ಕಾನೂನು ಇನ್ನೂ ಮುಂದೆ ಹೋಯಿತು: ಹಿಟ್ಟು ನಾದುವುದರಿಂದ ಹಿಡಿದು ಸುಡುವವರೆಗಿನ ಕೆಲಸ ಮಾರುವ ಜಾಗದಲ್ಲೇ ನಡೆಯದಿದ್ದರೆ ಅಂಗಡಿಗೆ ‘ಬುಲಾಂಜೆರಿ’ ಎಂಬ ಬೋರ್ಡು ಹಾಕುವಂತಿಲ್ಲ. ಕಾರ್ಖಾನೆಯ ಬ್ರೆಡ್ಡನ್ನು ಕಾನೂನು ನಿಷೇಧಿಸಲಿಲ್ಲ. ಅದು ಬೇಕರಿಯ ವೇಷ ಹಾಕುವುದನ್ನು ತಡೆಯಿತು. ಒಂದು ಯೂರೋ ಆಸುಪಾಸಿನ ವಸ್ತುವಿನ ಬಗ್ಗೆ ಇಷ್ಟು ಆಸ್ಥೆ ತೋರಿದ ಸಂಸತ್ತುಗಳು ಹೆಚ್ಚಿಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಕಾಯುವ ಕೆಲಸ ದಾರಿ ತಪ್ಪುವುದೂ ಉಂಟು. ನೀಸ್‌ನ ಮೇಯರ್ ಆಗಿದ್ದ ಜಾಕ್ ಮೆದ್ಸಾಂ 1972ರಲ್ಲಿ ಅಲ್ಲಿನ ಮನೆಯಡುಗೆಯ ಬಗ್ಗೆ ಪುಸ್ತಕ ಬರೆದ. ನೀಸ್ ಸಲಾಡಿಗೆ ಬೇಯಿಸಿದ ಆಲೂಗಡ್ಡೆ ಹಾಕಕೂಡದು ಎಂದು ಖಡಾಖಂಡಿತ ಹೇಳಿದವನು ಅವನು. ಸಲಾಡಿನ ಅದೇ ಸಾಮಗ್ರಿಗಳನ್ನು ಆಲಿವ್ ಎಣ್ಣೆಯಲ್ಲಿ ತೊಯ್ದ ದುಂಡು ಬ್ರೆಡ್ಡಿನಲ್ಲಿ ತುಂಬಿದ ಪಾನ್ ಬಾನ್ಯಾ ಇಂದಿಗೂ ನೀಸ್ ಬೀದಿಗಳ ಹೆಮ್ಮೆ. ಬಡವರ ಅಡುಗೆಯನ್ನು ದಾಖಲಿಸಿದ ಅವನ ಕೆಲಸ ಉಳಿಯಿತು. ಭ್ರಷ್ಟಾಚಾರದ ಪ್ರಕರಣಗಳಿಂದ 1990ರಲ್ಲಿ ದೇಶ ಬಿಟ್ಟು ಓಡಿದ ಅವನ ಆಡಳಿತ ಉಳಿಯಲಿಲ್ಲ. ಪಾಕವಿಧಾನವನ್ನು ಕಾಯುವ ಉತ್ಸಾಹ ಇನ್ನೊಂದು ಬಗೆಯಲ್ಲೂ ಕೆಡುತ್ತದೆ. 2015ರಲ್ಲಿ ದಕ್ಷಿಣದ ಬೆಜಿಯೆ ನಗರದ ಮೇಯರ್ ರೊಬೆರ್ ಮೆನಾರ್, ತನ್ನ ಊರಿನಲ್ಲಿ ಹೊಸ ಕಬಾಬ್ ಅಂಗಡಿಗಳು ತೆರೆಯದಂತೆ ತಡೆಯುವುದಾಗಿ ಘೋಷಿಸಿದ. ಫ್ರಾನ್ಸಿನ ಯಾವ ಊರಿನಲ್ಲೂ ರಾತ್ರಿ ತಡವಾಗಿ ಹಸಿದ ವಿದ್ಯಾರ್ಥಿಗೆ, ಪಾಳಿ ಮುಗಿಸಿದ ಕಾರ್ಮಿಕನಿಗೆ ಕಡಿಮೆ ಹಣದಲ್ಲಿ ಬಿಸಿ ಊಟ ಕೊಡುವುದು ಕಬಾಬ್ ಅಂಗಡಿಯೇ. ಅದು ಫ್ರೆಂಚ್ ಅಲ್ಲ ಎನ್ನುವವರು ಸೋಕ್ಕಾ ತಿನ್ನುವಾಗ ನೆನಪಿಡಬೇಕಾದದ್ದಿದೆ. ನೀಸ್ ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ. ಅದಕ್ಕೆ ಮುಂಚೆ ಅದು ಸಾರ್ಡೀನಿಯಾ ಅರಸೊತ್ತಿಗೆಯ ಊರು. ಇದೇ ಕಡಲೆಹಿಟ್ಟಿನ ತಿಂಡಿಯನ್ನು ಗಡಿಯಾಚೆ ಜಿನೋವಾದಲ್ಲಿ ಫರಿನಾತಾ ಎಂದು ಸುಡುತ್ತಾರೆ, ಈಚೆ ತುಲೋನಿನಲ್ಲಿ ಕಾದ್ ಎಂದು. ಬಂದರಿನಿಂದ ಬಂದರಿಗೆ ಹಡಗಿನ ಜನರ ಜೊತೆ ಹರಿದಾಡಿದ ತಿಂಡಿಗೆ ಪಾಸ್‌ಪೋರ್ಟ್ ಕೇಳುವವರು ನೂರೈವತ್ತು ವರ್ಷಗಳ ಹಿಂದಿದ್ದಿದ್ದರೆ ನೀಸ್‌ಗೆ ಸೋಕ್ಕಾವೇ ಇರುತ್ತಿರಲಿಲ್ಲ.

2010ರಲ್ಲಿ ಯುನೆಸ್ಕೊ ‘ಫ್ರೆಂಚರ ಭೋಜನ ಪದ್ಧತಿ’ಯನ್ನು ತನ್ನ ಪಟ್ಟಿಗೆ ಸೇರಿಸಿದಾಗ ಅದರ ವಿವರಣೆಯಲ್ಲಿದ್ದದ್ದು ಮೇಜಿನ ಅಲಂಕಾರ, ಊಟಕ್ಕೆ ಮುಂಚಿನ ಪಾನೀಯ, ಕನಿಷ್ಠ ನಾಲ್ಕು ಸುತ್ತು ಬಡಿಸುವಿಕೆ, ತಿನಿಸಿಗೆ ಹೊಂದುವ ವೈನು. ಮದುವೆ, ಹುಟ್ಟುಹಬ್ಬಗಳ ಕೂಟದ ಚಿತ್ರವಾಗಿ ಅದು ಸರಿ. ಆದರೆ ಸಂತೆಯಲ್ಲಿ ನಿಂತು ತಿನ್ನುವ ಲಕ್ಷಾಂತರ ಜನರಿಗೆ ಆ ಚಿತ್ರದಲ್ಲಿ ಜಾಗ ಸಿಗಲಿಲ್ಲ. 2022ರಲ್ಲಿ ಬಾಗೆಟ್ ತಯಾರಿಯ ಕೌಶಲ ಅದೇ ಪಟ್ಟಿಗೆ ಸೇರಿ ಆ ಕೊರತೆ ಸ್ವಲ್ಪ ತುಂಬಿತು. ನನ್ನ ಮಟ್ಟಿಗೆ ಇನ್ನೂ ಬಾಕಿಯಿರುವುದು ಪಾಕವಿಧಾನದ ಮಾತಲ್ಲ, ಜಾಗದ ಮಾತು. ಫ್ರಾನ್ಸಿನ ಊರುಗಳಲ್ಲಿ ಸಂತೆಯ ನೆಲ ಸಾಮಾನ್ಯವಾಗಿ ಪುರಸಭೆಯದು. ಗಾಡಿಯವರು ತಮ್ಮ ಮಳಿಗೆಯ ಅಳತೆಗೆ ತಕ್ಕಂತೆ ಪುರಸಭೆಗೆ ನೆಲಬಾಡಿಗೆ ಕಟ್ಟುತ್ತಾರೆ. ಆ ದರವನ್ನು ನಿಗದಿ ಮಾಡುವುದು ಚುನಾಯಿತ ಸದಸ್ಯರ ಸಭೆ, ಅದೂ ವ್ಯಾಪಾರಿಗಳ ಸಂಘಟನೆಗಳ ಅಭಿಪ್ರಾಯ ಕೇಳಿದ ಮೇಲೆ. ಪ್ರವಾಸಿಗಳು ತುಂಬಿದ ಹಳೇ ಪೇಟೆಗಳಲ್ಲಿ ಖಾಸಗಿ ಬಾಡಿಗೆ ಏರುತ್ತಲೇ ಇದೆ. ಸೌದೆ ಓವನ್ ಇಟ್ಟುಕೊಂಡು ನಾಲ್ಕು ಸಾಮಗ್ರಿಯ ತಿಂಡಿ ಮಾರುವವರು ಆ ಬಾಡಿಗೆ ಕೊಟ್ಟು ಬದುಕಲಾರರು. ಸೋಕ್ಕಾ 4 ಯೂರೋಗೆ ಸಿಗಬೇಕೋ 14 ಯೂರೋಗೋ ಎಂಬುದರ ಬಹುಪಾಲು ತೀರ್ಮಾನವಾಗುವುದು ಅಡುಗೆಮನೆಯಲ್ಲಲ್ಲ, ಸಂತೆಯ ಒಂದು ಮೀಟರ್ ನೆಲಕ್ಕೆ ಎಷ್ಟು ದರವೆಂದು ಗೊತ್ತುಪಡಿಸುವ ಆ ಸಭೆಯಲ್ಲಿ.